ಪೇರಲ ಎಲೆ, ಬೆಳ್ಳಿ, ಮತ್ತೆ ನನ್ನನ್ನು ಯಾಮಾರಿಸಿದ ಝೋನ್

ಎಲೆಯ ಕಷಾಯದಿಂದ ಬೆಳ್ಳಿಯ ನ್ಯಾನೊಕಣ (ಅತಿ ಸಣ್ಣ ಕಣ) ಮಾಡಿ, ಅದು ಆ್ಯಂಟಿಬಯೋಟಿಕ್ ಜೊತೆ ಸೇರಿದರೆ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾವನ್ನು ತಡೆಯುತ್ತದಾ ಅಂತ ನೋಡುವುದು ನನ್ನ ಎಂ.ಎಸ್ಸಿ. ಪ್ರಾಜೆಕ್ಟ್. ಧಾರವಾಡದಲ್ಲಿ ಅದಕ್ಕೆ ಗಿಡ ಹುಡುಕುವಾಗ ಗದಗಿನ ಗೆಳೆಯ ಕಪ್ಪತಗುಡ್ಡಕ್ಕೆ ಹೋಗೋಣ ಅಂದ. ಅದು ವನ್ಯಜೀವಿಧಾಮ, ಸುಮ್ನೆ ಹೋಗಿ ಎಲೆ ಕಿತ್ತು ತರುವಂತಿಲ್ಲ. ಹಿತ್ತಲಲ್ಲೇ ಪೇರಲ ಗಿಡ ಇತ್ತು. ಧಾರವಾಡದವರಿಗೆ ಇನ್ನೇನು ಬೇಕು?

10 ಗ್ರಾಂ ಎಲೆಯನ್ನು 100 ಎಂಎಲ್ ಡಿಸ್ಟಿಲ್ಡ್ ನೀರಲ್ಲಿ ಕುದಿಸಿ ಸೋಸಿದೆ. ಈ ಕಷಾಯ ಒಂದು ಪಾಲು, 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್ ಒಂಬತ್ತು ಪಾಲು. ಎಲೆಯ ಟ್ಯಾನಿನ್, ಕ್ವೆರ್ಸೆಟಿನ್‌ನಂಥವು ಬೆಳ್ಳಿಯ ಅಯಾನುಗಳನ್ನು ಲೋಹದ ಕಣಗಳಾಗಿಸುತ್ತವೆ, ದ್ರಾವಣ ಕಂದು ಬಣ್ಣಕ್ಕೆ ತಿರುಗಬೇಕು. ನನ್ನದು ಮಜ್ಜಿಗೆ ಥರ ಬೆಳ್ಳಗಾಯಿತು! ಫ್ಲಾಸ್ಕನ್ನು ನಲ್ಲಿ ನೀರಲ್ಲಿ ತೊಳೆದು ಹಾಗೇ ಬಳಸಿದ್ದೆ, ಆ ನೀರಿನ ಕ್ಲೋರೈಡ್ ಬೆಳ್ಳಿಯನ್ನು ಹಿಡಿದುಕೊಂಡಿತ್ತು. ಎರಡನೇ ಸಲ ಕಡಕ್ ಚಹಾದ ಬಣ್ಣ ಬಂತು, 420 ನ್ಯಾನೋಮೀಟರ್ ಹತ್ತಿರ ಬೆಳಕು ಹೀರುವ ಪೀಕ್ ಕೂಡ, ಬೆಳ್ಳಿಯ ಕಣ ಆಗಿದ್ದಕ್ಕೆ ಅದೇ ಗುರುತು.

ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆ್ಯಂಟಿಬಯೋಟಿಕ್‌ಗೆ ಜಗ್ಗದ ಇ. ಕೋಲಿ ಬ್ಯಾಕ್ಟೀರಿಯಾದ ಪ್ಲೇಟಿನ ಮೇಲೆ ಆ ಮಾತ್ರೆ ಮತ್ತು ಕಣ ಎರಡೂ ಇದ್ದ ಡಿಸ್ಕ್ (ಸಣ್ಣ ಕಾಗದದ ಬಿಲ್ಲೆ) ಇಟ್ಟೆ. ಮರುದಿನ ದೊಡ್ಡ ಝೋನ್, ಅಂದರೆ ಡಿಸ್ಕ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತ. ಕುಣಿದುಬಿಟ್ಟೆ. ಗೈಡ್ ಮೇಡಂ ಪ್ಲೇಟ್ ನೋಡಿ, "ಕಣ ತೊಳದೀ ಏನು? ಬರೇ ಸಿಲ್ವರ್ ನೈಟ್ರೇಟಿನ ಡಿಸ್ಕ್ ಎಲ್ಲೈತಿ?" ಅಂದರು. ಎರಡೂ ಇರಲಿಲ್ಲ.

ಸೆಂಟ್ರಿಫ್ಯೂಜ್‌ನಲ್ಲಿ ಮೂರು ಸಲ ತೊಳೆದ ಮೇಲೆ ಝೋನ್ ಪಕ್ಕಾ ಸಣ್ಣದಾಯಿತು. ಅಂದರೆ ಮೊದಲು ಕೆಲಸ ಮಾಡಿದ್ದು ಜಾಸ್ತಿ ಪಾಲು ಉಳಿದಿದ್ದ ಸಿಲ್ವರ್ ನೈಟ್ರೇಟ್. ಅದೂ ಅಲ್ಲದೆ ಕಣಗಳು ಪ್ಲೇಟಿನ ಅಗಾರ್ ಜೆಲ್ಲಿಯಲ್ಲಿ ಸರಿಯಾಗಿ ಹರಡುವುದಿಲ್ಲ, ಹಾಗಾಗಿ ಝೋನ್ ಅಳೆದು "ಎರಡೂ ಸೇರಿ ಕೆಲಸ ಮಾಡಿದವು" ಅನ್ನುವುದೇ ನನ್ನ ಪ್ರಕಾರ ಅರ್ಧ ಮಾತು.

ಕೊನೆಗೆ 96 ಗುಳಿಯ ಪ್ಲೇಟಲ್ಲಿ ಚೆಕರ್‌ಬೋರ್ಡ್ ಹಾಕಿದೆ. ಅಡ್ಡಕ್ಕೆ ಮಾತ್ರೆ, ಉದ್ದಕ್ಕೆ ಕಣ, ಎರಡೂ ಅರ್ಧರ್ಧ ಇಳಿಯುತ್ತಾ ಹೋಗುತ್ತವೆ. ಬೆಳ್ಳಿ ಬ್ಯಾಕ್ಟೀರಿಯಾದ ಪೊರೆಯನ್ನು ಸಡಿಲ ಮಾಡಿದರೆ ಮಾತ್ರೆಗೆ ಒಳಗೆ ನುಗ್ಗುವುದು ಸುಲಭ ಅನ್ನುವುದು ಲೆಕ್ಕಾಚಾರ. ಕಣದ ಕಂದು ಬಣ್ಣದಲ್ಲಿ ಬ್ಯಾಕ್ಟೀರಿಯಾ ಬೆಳೆದ ಮಬ್ಬು ಗೊತ್ತಾಗಲ್ಲ, ಅದಕ್ಕೆ ರೆಸಾಜುರಿನ್ ಅನ್ನುವ ನೀಲಿ ಬಣ್ಣ ಹಾಕಿದೆ. ಜೀವ ಇದ್ದಲ್ಲಿ ನೀಲಿ ಹೋಗಿ ಗುಲಾಬಿ ಆಗುತ್ತದೆ.

ಒಂಟಿಯಾಗಿ ಬೇಕಿದ್ದರ ಕಾಲು ಭಾಗ ಮಾತ್ರೆ, ಕಾಲು ಭಾಗ ಕಣ ಸಾಕಾಯಿತು. 0.25 ಕೂಡಿಸು 0.25, ಅಂದರೆ 0.5. ಸಿನರ್ಜಿ, ಅಂದರೆ ಎರಡೂ ಸೇರಿ ಒಂದರ ಬಲ ಇನ್ನೊಂದು ಹೆಚ್ಚಿಸಿತು ಅನ್ನಲು ಈ ಮೊತ್ತ 0.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಗೆರೆಯ ಮೇಲೇ ನಿಂತಿತ್ತು. ಇನ್ನೊಂದು ಸಲ ಮಾಡಿದಾಗ ಮಾತ್ರೆ ಒಂದು ಗುಳಿ ಆಚೆ ಹೋಗಿ, ಕಾಲು ಭಾಗದ ಬದಲು ಅರ್ಧ ಬೇಕಾಗಿ, 0.75 ಆಯಿತು. ಒಂದು ಗುಳಿ ಅಷ್ಟೇ! ಮೂರನೇ ಸಲ ಮತ್ತೆ 0.5. ಚೆಂದ ಕಾಣುವುದನ್ನಷ್ಟೇ ಬರೆಯೋಣ ಅಂತ ಆಸೆಯಾಗಿದ್ದು ಸುಳ್ಳಲ್ಲ, ಆದರೂ ಮೂರನ್ನೂ ಟೇಬಲಿಗೆ ಹಾಕಿದೆ. ವೈವಾದಲ್ಲಿ ಮೊದಲ ಪ್ರಶ್ನೆ ಬಂದಿದ್ದೇ ಆ 0.75ರ ಮೇಲೆ.