ತೋಟದ ಬೆಂಚಿಗೆ ಬೀಡಿನ ಹುಲಿ

ಬೀಡು, ಅಂದರೆ ಎರಕ ಹೊಯ್ದ ಕಬ್ಬಿಣದ ಬೆಂಚಿನ ಬದಿಯನ್ನು ಪ್ರಾಣಿಯ ಆಕಾರದಲ್ಲಿ ಮಾಡುವುದಾದರೆ ಕೂತ ಪ್ರಾಣಿ, ಮಲಗಿದ ಪ್ರಾಣಿ ಒಗ್ಗುತ್ತವೆ, ನಿಂತದ್ದು ಒಗ್ಗುವುದಿಲ್ಲ. ಜಿಂಕೆಯ ಕಾಲು ಕಾಗದದ ಮೇಲೆ ಎಷ್ಟೇ ಚೆಂದ ಕಂಡರೂ ಎರಕದಲ್ಲಿ ಮೊದಲು ಮುರಿಯುವುದು ಅದೇ. ಬೀಡು ಭಾರ ಹೊರುತ್ತದೆ, ಬಾಗುವುದಿಲ್ಲ. ಲಂಡನ್ನಿನ ಥೇಮ್ಸ್ ದಂಡೆಗೆಂದು 1870ರ ದಶಕದಲ್ಲಿ ವಾಸ್ತುಶಿಲ್ಪಿ ಜಾರ್ಜ್ ವಲಿಯಮಿ ರೂಪಿಸಿದ ಬೆಂಚುಗಳ ಬದಿಯಲ್ಲಿ ಒಂಟೆಗಳಿವೆ, ಮಂಡಿಯೂರಿ ಕೂತ ಒಂಟೆಗಳು. ಕಾಲೆಲ್ಲ ಮೈಯಡಿಗೆ ಮಡಚಿರುವುದರಿಂದ ಇಡೀ ಒಂಟೆಯೇ ಆಸರೆ. ಪ್ರಾಣಿ ಬಿಡಿಸುವ ಮುಂಚೆ ಕಲಾವಿದರು ಆ ಚಿತ್ರವೊಂದನ್ನು ನೋಡಿದರೆ ಅರ್ಧ ಜಗಳ ತಪ್ಪುತ್ತದೆ.

ನಮ್ಮ ಕಡೆ ಬೆಂಚು ಮಾಡಿಸುವವರು ಕೇಳುವುದು ಬೀದರ ಕೋಟೆಯ ಶರ್ಜಾ ದರವಾಜೆಯ ಹುಲಿ. ಅದು ಕಲ್ಲಿನ ಕೆತ್ತನೆ, ಗೋಡೆ ಅದನ್ನು ಹೊತ್ತಿದೆ. ಹಾಗೇ ಬೆಂಚಿಗೆ ಇಳಿಸಿದರೆ ಬಾಲ, ಪಂಜಗಳಿಗೆ ಆಧಾರ ಇರುವುದಿಲ್ಲ. ಬಾಲವನ್ನು ಬೆನ್ನ ಮೇಲಿಂದ ತಂದು ಹಿಂದಿನ ಕಂಬಕ್ಕೆ, ಪಂಜವನ್ನು ಕೈಯಿಡುವ ಪಟ್ಟಿಯ ಬುಡಕ್ಕೆ ಸೇರಿಸುತ್ತೇನೆ. ಮೈಮೇಲೆ ಬಿದ್ರಿಯ ಹೂಬಳ್ಳಿಯೂ ಬೇಕು ಎನ್ನುವವರಿದ್ದಾರೆ. ಬಿದ್ರಿಯದು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ ಲೋಹ. ಬಳ್ಳಿಯನ್ನು ಎರಕದ ನಂತರ ಉಳಿಯಿಂದ ಕೊರೆಯುತ್ತಾರೆ. ಮರಳಚ್ಚಿನ ಬೀಡಿನಲ್ಲಿ 2 ಮಿ.ಮೀ.ಗಿಂತ ಸಣ್ಣ ಗೆರೆ ನೆಟ್ಟಗೆ ಮೂಡದು, ಮೂಡಿದ್ದನ್ನು ಬಣ್ಣ ಮುಚ್ಚುತ್ತದೆ. ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚಿದರೆ ಬಿದ್ರಿ ಕಪ್ಪಾಗುತ್ತದೆ. ಅದನ್ನೇ ಬೀಡಿಗೆ ಹಚ್ಚಿದರೆ ತುಕ್ಕು ಹಿಡಿಯುತ್ತದೆ.

ಮರಳಲ್ಲಿ ಒತ್ತಿ ಅಚ್ಚು ತೆಗೆಯುವ ಮಾದರಿ ಸಾಗುವಾನಿಯದು. ತಣಿಯುವಾಗ ಬೀಡು ಶೇ. 1ರಷ್ಟು ಕುಗ್ಗುವುದರಿಂದ 600 ಮಿ.ಮೀ. ಬೇಕಿದ್ದರೆ ಮಾದರಿ 606. ಮರಳಿನಿಂದ ಸಲೀಸಾಗಿ ಏಳಲು ಬದಿಗಳಿಗೆ 2 ಡಿಗ್ರಿ ಇಳಿಜಾರು, ಒಳಮೂಲೆಗಳಿಗೆ 6 ಮಿ.ಮೀ. ದುಂಡು. ಕಿವಿಯ ಹಿಂದೆ, ಹೊಟ್ಟೆಯಡಿ ಒಳಸರಿದ ಜಾಗವಿದ್ದರೆ ಮರಳು ಕಿತ್ತುಬರುತ್ತದೆ. ಅಲ್ಲಿ ಮೇಣ ತುಂಬಿ ಸಪಾಟು ಮಾಡಬೇಕು.

ಕೆಲಸ ಕೆಡುವುದು ಹೆಚ್ಚಾಗಿ ದಪ್ಪದ ಲೆಕ್ಕದಲ್ಲಿ. ಶಿಲ್ಪಿ ತಲೆಯನ್ನು 45 ಮಿ.ಮೀ. ಗಟ್ಟಿ ಇಟ್ಟು ಬಾಲವನ್ನು 4ಕ್ಕೆ ಇಳಿಸಿರುತ್ತಾರೆ. ಬಾಲ ಮೊದಲು ತಣಿಯುತ್ತದೆ, ತಲೆ ಕೊನೆಗೆ. ತಲೆಯೊಳಗೆ ಪೊಳ್ಳು ಬೀಳುತ್ತದೆ, ದಪ್ಪ-ತೆಳು ಕೂಡುವಲ್ಲಿ ಸೀಳು ಬಿಡುತ್ತದೆ. ಬಾಲದ್ದು ಇನ್ನೊಂದು ಕಾಟ: ಬೇಗ ತಣಿದಾಗ ಇಂಗಾಲಕ್ಕೆ ಗ್ರಾಫೈಟ್ ಆಗಲು ಪುರಸೊತ್ತು ಸಿಗದೆ ಅದು ಬಿಳಿ ಬೀಡಾಗುತ್ತದೆ. ಡ್ರಿಲ್ ಹತ್ತುವುದಿಲ್ಲ, ಸುತ್ತಿಗೆ ತಾಗಿದರೆ ಗಾಜಿನಂತೆ ಒಡೆಯುತ್ತದೆ. ಹಾಗಾಗಿ ಪ್ರಾಣಿಯ ಹಿಂಬದಿ ಕೊರೆಸಿ ತಲೆ, ಭುಜ, ತೊಡೆ ಎಲ್ಲವನ್ನೂ 8ರಿಂದ 10 ಮಿ.ಮೀ. ಚಿಪ್ಪು ಮಾಡಿಸುತ್ತೇನೆ, ಬಾಲವೂ ಅಷ್ಟೇ ದಪ್ಪ. ಕೊರೆದ ಮುಖ ಕೂರುವ ಮರದ ಪಟ್ಟಿಗಳ ಕಡೆಗೆ ಬರುತ್ತದೆ. ಶಿಲ್ಪಿಗಳು ಇದಕ್ಕೆ ಮುಖ ಸಿಂಡರಿಸುತ್ತಾರೆ, ಇರಲಿ.

ಎರಕ ಹೊಯ್ಯುವ ಫೌಂಡ್ರಿಗೆ ಎಫ್‌ಜಿ 200 (ಬೂದು ಬೀಡಿನ ಒಂದು ದರ್ಜೆ) ಎಂದು ಬರೆದುಕೊಡಬೇಕು. ರಂಜಕ (ಫಾಸ್ಫರಸ್) ಹೆಚ್ಚಿದ್ದರೆ ಎರಕ ನೀರಾಗಿ ಹರಿದು ಮೀಸೆಯೂ ಚೂಪಾಗಿ ಮೂಡುತ್ತದೆ, ಆದರೆ ಬೆಂಚು ಉರುಳಿದರೆ ತುಂಡು. ಸುಮಾರು 1,350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊಯ್ದದ್ದನ್ನು ರಾತ್ರಿಯಿಡೀ ಮರಳಲ್ಲೇ ಬಿಡಿ. ಅವಸರಕ್ಕೆ ಕಿತ್ತರೆ ಒಳಗೆ ಬಿಗುವು ಉಳಿದು ಆಮೇಲೆ ಸೀಳುತ್ತದೆ. ದರ ಕೆ.ಜಿ. ಲೆಕ್ಕದ್ದಾದ್ದರಿಂದ ತೂಕ ಮೊದಲೇ ತಿಳಿದಿರಲಿ: ಸಾಗುವಾನಿ ಮಾದರಿಯ ಹೆಚ್ಚುಕಡಿಮೆ 11 ಪಟ್ಟು. 1.7 ಕೆ.ಜಿ. ಮಾದರಿಗೆ 19 ಕೆ.ಜಿ.ಯ ಬದಿ ಬರುತ್ತದೆ.

ಕೂರುವ ಜಾಗಕ್ಕೆ ಬೀಡು ಬೇಡ. ಕಲಬುರಗಿಯ ಮೇ ಬಿಸಿಲಿಗೆ ಕಾದ ಕಪ್ಪು ಕಬ್ಬಿಣದ ಮೇಲೆ ಯಾರೂ ಕೂರುವುದಿಲ್ಲ. ಬದಿ ಎರಡು ಬೀಡು, ನಡುವೆ 25 ಮಿ.ಮೀ. ದಪ್ಪದ ಮರದ ಪಟ್ಟಿ, ಪಟ್ಟಿಗಳ ನಡುವೆ 8 ಮಿ.ಮೀ. ಸಂದು. ಸ್ಟೇನ್‌ಲೆಸ್ ಬೋಲ್ಟ್ 10 ಮಿ.ಮೀ.ನದು, ತೂತು 11. ತೂತು ಕೊರೆಯುವಾಗ ಎಣ್ಣೆ ಬೇಕಿಲ್ಲ, ಬೀಡಿನೊಳಗಿನ ಗ್ರಾಫೈಟೇ ಸಾಕು. ಮರಳು ಹೊಡೆಸಿ ತುಕ್ಕು ತೆಗೆದ ದಿನವೇ ಸತುವಿನ ಪ್ರೈಮರ್, ಮೇಲೆ ಎರಡು ಕೋಟು ಬಣ್ಣ. ಹಿಂಬದಿಯ ಚಿಪ್ಪಿನಲ್ಲಿ ನೀರು ನಿಲ್ಲುವ ಕಡೆ 8 ಮಿ.ಮೀ. ತೂತು ಬೇಕೇ ಬೇಕು, ತುಕ್ಕು ಶುರುವಾಗುವುದು ಅಲ್ಲಿಂದ.

ಇಷ್ಟೆಲ್ಲ ಸರಿಯಿದ್ದೂ ಬೆಂಚು ಒಡೆದರೆ ನೆಲ ನೋಡಬೇಕು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕಾಲುಗಳನ್ನು ಬೇರೆ ಬೇರೆ ಕಾಂಕ್ರೀಟ್ ಗುಂಡಿಯಲ್ಲಿ ಹೂಳಿದರೆ ಒಂದು ಏಳುತ್ತದೆ, ಇನ್ನೊಂದು ಕುಸಿಯುತ್ತದೆ, ನಡುವೆ ಬೀಡು ಸೀಳುತ್ತದೆ. 2 ಅಡಿ ಎರೆ ತೆಗೆದು, ಮುರುಮನ್ನು (ಗರಸು ಮಣ್ಣು) 6 ಇಂಚಿನ ಪದರಗಳಲ್ಲಿ ನೀರು ಹಾಕಿ ಬಡಿದು, ಮೇಲೆ ಶಹಾಬಾದ್ ಕಲ್ಲಿನ ದಪ್ಪ ಹಾಸು. ಒಂದು ಬದಿಯ ಕಾಲುಗಳನ್ನಷ್ಟೇ ಕಲ್ಲಿಗೆ ಬಿಗಿ ಮಾಡಿ. ಇನ್ನೊಂದು ಬದಿಗೆ ಉದ್ದ ತೂತು ಕೊರೆಸಿ ಬೋಲ್ಟ್ ಸ್ವಲ್ಪ ಸಡಿಲ ಬಿಡಿ. ಬೀದರಿನ ಜಂಬಿಟ್ಟಿಗೆ ನೆಲಕ್ಕೆ ಇಷ್ಟು ಬೇಡ, ಮಟ್ಟ ಮಾಡಿ ಕಲ್ಲು ಹಾಸಿದರೆ ಆಯಿತು.