ಆಟಿ ತಿಂಗಳಲ್ಲಿ ಗೆಳೆಯರೊಂದಿಗೆ ಓದು
ಉಡುಪಿ, ಮಂಗಳೂರಿನ ಓದುಗ ಮಿತ್ರರು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಟಿ ತಿಂಗಳನ್ನು ಓದಿಗೆ ಮೀಸಲಿಡಬೇಕೆಂಬುದು ನನ್ನ ವಿನಂತಿ. ಆಗ ಮದುವೆ ಮುಂತಾದ ಶುಭಕಾರ್ಯಗಳು ವಿರಳವಾದ್ದರಿಂದ ಭಾನುವಾರಗಳು ಬಿಡುವಾಗಿರುತ್ತವೆ. ನಾಲ್ವರು ಗೆಳೆಯರು 200 ಪುಟ ಮೀರದ ತಲಾ ಒಂದು ಪುಸ್ತಕವನ್ನು ಆರಿಸಿ, ಪ್ರತಿ ಭಾನುವಾರ ಒಬ್ಬರ ಮನೆಯಲ್ಲಿ ಸೇರಿ ಅದಲುಬದಲು ಮಾಡಿಕೊಂಡರೆ, ತಿಂಗಳೊಳಗೆ ಎಲ್ಲರೂ ನಾಲ್ಕನ್ನೂ ಓದಬಹುದು. ಕಥೆಯ ಸಾರಾಂಶ ಹೇಳುವುದಕ್ಕಿಂತ ಮನಸ್ಸಿಗೆ ನಾಟಿದ ಒಂದು ಪುಟವನ್ನು ಗಟ್ಟಿಯಾಗಿ ಓದುವುದೇ ಲೇಸು. ಕೆಸುವಿನೆಲೆಯ ತಿಂಡಿ ಪತ್ರೊಡೆ ಅದಾದ ಮೇಲೆ ಬರಲಿ, ಎಣ್ಣೆಗೈ ಹಾಳೆಗೆ ತಾಗಬಾರದು. ಮಳೆಗಾಲದ ತೇವಕ್ಕೆ ಬೈಂಡಿನ ಸಂದಿಯಲ್ಲಿ ಬೇಗ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಮಳೆಯಲ್ಲಿ ತಂದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲೇ ಬಿಡದೆ, ಹಾಳೆ ಬಿಡಿಸಿ ಫ್ಯಾನಿನ ಗಾಳಿಗೆ ನಿಲ್ಲಿಸಿ, ಒಣಗಿದ ಬಳಿಕ ಗೋಡೆಗೆ ತಾಗದಂತೆ ಇಡಿರಿ.