ಬಯಲಿನಲ್ಲಿ ಕಿರುಚಿತ್ರಗಳ ಸಂಜೆ: ಸಣ್ಣ ಪರದೆಯಿಂದ ಗೆದ್ದ ನನ್ನ ಅನುಭವ

ಸಾಹಸ ಮತ್ತು ನಿಸರ್ಗ ಸಂರಕ್ಷಣೆಯ ಕಿರುಚಿತ್ರಗಳನ್ನು 4 ಮೀಟರ್ ಅಗಲದ ಪರದೆಯ ಮೇಲೆ ಬಯಲಿನಲ್ಲಿ ತೋರಿಸುತ್ತೇನೆ ಎಂದಾಗ ನಮ್ಮ ಚಾರಣದ ಗುಂಪಿನಲ್ಲಿ ನಕ್ಕವರೇ ಹೆಚ್ಚು. ಹಿಮಶಿಖರಗಳ ಚಿತ್ರಕ್ಕೆ ದೊಡ್ಡ ಪರದೆಯೇ ಬೇಕು, ಜನರೇಟರ್ ಇಲ್ಲದೆ ಎರಡು ಗಂಟೆ ನಡೆಯುವುದಿಲ್ಲ, ಒಂದೇ ಕಾರ್ಯಕ್ರಮವನ್ನು ಎರಡು ಸಂಜೆ ಮಾಡಿದರೆ ಎರಡನೆಯ ಸಂಜೆ ಕುರ್ಚಿಗಳಷ್ಟೇ ಇರುತ್ತವೆ ಎಂಬ ಮೂರು ಮಾತುಗಳನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಮೂರನೆಯ ಪ್ರಯತ್ನದಲ್ಲಿ ಆ ಮೂರೂ ಸುಳ್ಳಾದವು. ಪ್ರೊಜೆಕ್ಟರ್ ಹೂಡಿ, ಸ್ಪೀಕರ್ ಹೊತ್ತು ಅಭ್ಯಾಸವಿರುವವರಿಗೆಂದೇ ಇದನ್ನು ಬರೆಯುತ್ತಿರುವುದರಿಂದ ಉಪಕರಣಗಳ ಪರಿಚಯಕ್ಕೆ ಕೈಹಾಕುವುದಿಲ್ಲ. ಅಂಕಿಗಳು ನೆನಪಿನಿಂದ ಬಂದವು. ಸ್ವಲ್ಪ ಹೆಚ್ಚುಕಡಿಮೆ ಇರಬಹುದು.

ಮೊದಲ ಸಂಜೆ ಗಾಳಿ ತುಂಬುವ 6 ಮೀಟರ್ ಪರದೆಯನ್ನೂ 3,000 ಲ್ಯೂಮೆನ್ (ಹೊರಸೂಸುವ ಒಟ್ಟು ಬೆಳಕಿನ ಅಳತೆ) ಎಂದು ಹಣೆಪಟ್ಟಿ ಹೊತ್ತ ಪ್ರೊಜೆಕ್ಟರನ್ನೂ ಬಾಡಿಗೆಗೆ ತಂದಿದ್ದೆ. ಎರಡನೆಯ ಚಿತ್ರ ಶುರುವಾಗುತ್ತಿದ್ದಂತೆಯೇ ನನ್ನ ತಪ್ಪು ನನಗೆ ಗೊತ್ತಾಯಿತು. ಬೆಳಗಿನ ಜಾವ ಮೂರು ಗಂಟೆಗೆ ಹಣೆದೀಪ ಕಟ್ಟಿಕೊಂಡು ಇಬ್ಬರು ಬಂಡೆ ಏರುವ ದೃಶ್ಯ ಅದು. ಪರದೆಯ ಮೇಲೆ ಬೂದುಬಣ್ಣದ ನಡುವೆ ಎರಡು ಮಸುಕು ಚುಕ್ಕೆಗಳು ಮಾತ್ರ ಅಲುಗಾಡುತ್ತಿದ್ದವು. ಬಂಡೆಯೂ ಇಲ್ಲ, ಹಗ್ಗವೂ ಇಲ್ಲ, ಕೈಗಳೂ ಇಲ್ಲ. ಸುಮಾರು ಎರಡು ನಿಮಿಷ ಜನ ಆ ಚುಕ್ಕೆಗಳನ್ನೇ ಸೌಜನ್ಯದಿಂದ ನೋಡಿದರು. ಮುಂದಿನ ಸಾಲಿನ ಒಬ್ಬ ಹುಡುಗ ತಿರುಗಿ, "ಚಿತ್ರ ಇನ್ನೂ ಶುರುವಾಗಿಲ್ಲವಾ?" ಎಂದು ನನ್ನನ್ನೇ ಕೇಳಿದ.

ಎಲ್ಲರೂ ಹೇಳಿದ ಪರಿಹಾರ ಒಂದೇ: ದೊಡ್ಡ ಪ್ರೊಜೆಕ್ಟರ್ ತನ್ನಿ. ಎರಡನೆಯ ಸಂಜೆಗೆ 8,000 ಲ್ಯೂಮೆನ್ನಿನದನ್ನು ತಂದೆ. ಅದರ ಬಾಡಿಗೆಯೇ ಮೊದಲ ಸಲದ ಬಾಡಿಗೆಯ ನಾಲ್ಕು ಪಟ್ಟು. ಅದನ್ನು ಇಬ್ಬರು ಹೊರಬೇಕು, ಅದಕ್ಕೆ ಜನರೇಟರ್ ಬೇಕು, ಜನರೇಟರ್ ಸದ್ದನ್ನು ಮೀರಿಸಲು ಸ್ಪೀಕರ್ ಏರಿಸಬೇಕು. ಒಂದು ಬಾಲ ಹಿಡಿದರೆ ಇನ್ನೊಂದು ಬಾಲ. ಚಿತ್ರ ಮೊದಲಿಗಿಂತ ಚೆನ್ನಾಗಿ ಕಂಡಿತಾದರೂ ಕತ್ತಲೆಯ ದೃಶ್ಯಗಳು ಆಗಲೂ ಬೂದಿಯಂತೆಯೇ ಇದ್ದವು.

ಲಕ್ಸ್, ಎಂದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಲ್ಯೂಮೆನ್, ಅಳೆಯುವ ಮೀಟರನ್ನು ಸ್ನೇಹಿತರಿಂದ ಎರವಲು ತಂದು ಲೆಕ್ಕ ಹಾಕಿದ್ದು ಅದಾದ ಮೇಲೆ. ಮೊದಲ ಪ್ರೊಜೆಕ್ಟರು ಬಣ್ಣ ಸರಿಯಾಗಿ ತೋರುವ ವಿಧಾನದಲ್ಲಿ ನಿಜಕ್ಕೂ ಕೊಡುತ್ತಿದ್ದುದು ಸುಮಾರು 1,300 ಲ್ಯೂಮೆನ್ ಮಾತ್ರ. 6 ಮೀಟರ್ ಅಗಲದ ಪರದೆಯ ವಿಸ್ತೀರ್ಣ ಸುಮಾರು 20 ಚದರ ಮೀಟರ್ ಆದ್ದರಿಂದ ಪರದೆಗೆ ಬಿದ್ದದ್ದು 65 ಲಕ್ಸ್. ಬಯಲಿನ ಅಂಚಿನ ಬೀದಿದೀಪಗಳಿಂದ ಅದೇ ಪರದೆಯ ಮೇಲೆ ಬೀಳುತ್ತಿದ್ದುದು ಸುಮಾರು 5 ಲಕ್ಸ್. ಎಂದರೆ ಅತಿ ಬಿಳಿಗೂ ಅತಿ ಕಪ್ಪಿಗೂ ಇದ್ದ ಅಂತರ 14 ಪಟ್ಟು ಅಷ್ಟೇ. ದೊಡ್ಡ ಪ್ರೊಜೆಕ್ಟರು ಅದನ್ನು 40ಕ್ಕೆ ಏರಿಸಿತ್ತು. ನಾಲ್ಕು ಪಟ್ಟು ಬಾಡಿಗೆ ಕೊಟ್ಟು ನಾನು ಕೊಂಡದ್ದು ಮೂರು ಪಟ್ಟು ಕಪ್ಪು. ಅದೇ ಹಳೆಯ ಪ್ರೊಜೆಕ್ಟರನ್ನು 4 ಮೀಟರ್ ಪರದೆಗೆ, ಎಂದರೆ 9 ಚದರ ಮೀಟರಿಗೆ, ಹಿಡಿದರೆ ಸುಮಾರು 145 ಲಕ್ಸ್ ಸಿಗುತ್ತದೆ. ಚಿತ್ರಮಂದಿರದ ಬೆಳಕಿನ ಮಟ್ಟಕ್ಕೆ ಅದು ಹತ್ತಿರವೇ. ಬೀದಿದೀಪ ಕಾಣದ ಕಡೆಗೆ 300 ಮೀಟರ್ ಒಳಕ್ಕೆ ಹೋದರೆ ಹೊರಬೆಳಕು 0.3 ಲಕ್ಸಿಗೆ ಇಳಿಯುತ್ತದೆ, ಅಂತರ ಕಾಗದದ ಮೇಲೆ 500ರ ಹತ್ತಿರಕ್ಕೆ ಹೋಗುತ್ತದೆ. ಆ 300 ಮೀಟರಿಗೆ ಯಾರೂ ಬಾಡಿಗೆ ಕೇಳುವುದಿಲ್ಲ. ಸಾಮಾನು ಹೊರುವವರ ಬೈಗುಳ ಮಾತ್ರ ಕೇಳಬೇಕಾಗುತ್ತದೆ.

ಸಮಯದ ವಿಷಯದಲ್ಲಿಯೂ ನಾನು ಅವಸರದ ಮನುಷ್ಯನೇ ಆಗಿದ್ದೆ. ಸೂರ್ಯ ಮುಳುಗುವಾಗ ತೆರೆದ ಬಯಲಿನಲ್ಲಿ ಸುಮಾರು 400 ಲಕ್ಸ್ ಬೆಳಕಿರುತ್ತದೆ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿದಾಗ ಅದು 3 ಲಕ್ಸಿನ ಆಸುಪಾಸಿಗೆ ಬರುತ್ತದೆ. ಸಮಭಾಜಕ ವೃತ್ತದ ಬಳಿ ಇದಕ್ಕೆ ಇಪ್ಪತ್ತು ನಿಮಿಷ ಚಿಲ್ಲರೆ ಸಾಕು, ಧ್ರುವಗಳ ಕಡೆಗೆ ಹೋದಂತೆ ಬಹಳ ಹೆಚ್ಚು ಬೇಕು. ಮೊದಲೆರಡು ಸಲ ನಾನು ಆ 3 ಲಕ್ಸನ್ನೇ ಕತ್ತಲೆ ಎಂದು ನಂಬಿ ಶುರುಮಾಡಿದ್ದೆ. ಈಗ ಸೂರ್ಯ 9 ಡಿಗ್ರಿ ಇಳಿಯುವವರೆಗೆ ಕಾಯುತ್ತೇನೆ. ಮೊದಲ ಚಿತ್ರವಾಗಿ ಮಂಜು, ಮರಳು ಅಥವಾ ಸಮುದ್ರದ ಹಗಲು ದೃಶ್ಯಗಳೇ ತುಂಬಿರುವುದನ್ನು ಹಾಕುತ್ತೇನೆ. ಚಂದ್ರನ ಲೆಕ್ಕವೂ ಬೇಕು. ಹುಣ್ಣಿಮೆ ಕಾಲು ಲಕ್ಸ್‌ವರೆಗೆ ಬೆಳಕು ಕೊಟ್ಟರೆ ಅರ್ಧಚಂದ್ರ ಅದರ ಅರ್ಧವನ್ನಲ್ಲ, ಹತ್ತನೆಯ ಒಂದು ಪಾಲನ್ನಷ್ಟೇ ಕೊಡುತ್ತಾನೆ. ಆದ್ದರಿಂದ ಅರ್ಧಚಂದ್ರನಿಗೆ ಹೆದರಿ ದಿನಾಂಕ ಬದಲಿಸಬೇಕಾಗಿಲ್ಲ.

ಎರಡನೆಯ ಸಂಜೆ ಗಾಳಿಯೂ ನನಗೆ ಬುದ್ಧಿ ಕಲಿಸಿತು. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಪ್ರತಿ ಚದರ ಮೀಟರಿಗೆ 6 ಕಿಲೋ ತೂಕದಷ್ಟು ಒತ್ತುತ್ತದೆ. 20 ಚದರ ಮೀಟರ್ ಪರದೆಗೆ ಅದು 120 ಕಿಲೋ ದಾಟುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುತ್ತದೆಂಬುದು ಪುಸ್ತಕದಿಂದ ನನಗೆ ಗೊತ್ತಿತ್ತು, ಗೂಟಗಳಿಗೆ ಗೊತ್ತಿರಲಿಲ್ಲ. ಆರನೆಯ ಚಿತ್ರದ ನಡುವೆ ಹಿಂದಿನ ಎರಡು ಗೂಟಗಳು ಕಿತ್ತು ಬಂದು, ಗಾಳಿ ತುಂಬಿದ ಪರದೆ ನಿಧಾನವಾಗಿ ಮುಂದಕ್ಕೆ ಬಾಗಿ ನೆಲಕ್ಕೆ ಮಲಗಿತು. ಮುಂದಿನ ಸಾಲನ್ನು ಸಾಕಷ್ಟು ದೂರ ಹಾಕಿದ್ದರಿಂದ ಯಾರಿಗೂ ಏಟಾಗಲಿಲ್ಲ. ಈಗಿನ ನನ್ನ ಪರದೆ ದಪ್ಪ ಹತ್ತಿಬಟ್ಟೆಯದು, ಹಿಂದೆ ಕಪ್ಪು ಅಸ್ತರು ಹಾಕಿದೆ. ಅದನ್ನು ಅಲ್ಯೂಮಿನಿಯಂ ಚೌಕಟ್ಟಿಗೆ ಹಗ್ಗದಿಂದ ಬಿಗಿಯದೆ ಎಲಾಸ್ಟಿಕ್ ಕುಣಿಕೆಗಳಿಂದ ಕಟ್ಟುತ್ತೇನೆ. ಗಾಳಿ ಬಲವಾದರೆ ಚೌಕಟ್ಟು ಉರುಳುವ ಮೊದಲೇ ಕುಣಿಕೆಗಳು ಜಾರಿ ಬಟ್ಟೆ ಪಟಪಟಿಸುತ್ತದೆ. ಪ್ರತಿ ಕಾಲಿಗೂ 40 ಕಿಲೋ ಮರಳಿನ ಚೀಲ. ಕುಣಿಕೆ ಎಷ್ಟು ಬಲಕ್ಕೆ ಜಾರಬೇಕೆಂಬುದನ್ನು ಹೊಂದಿಸಿಕೊಳ್ಳಲು ನನಗೆ ಒಂದು ಇಡೀ ಮಳೆಗಾಲ ಹಿಡಿಯಿತು. ಆ ಗಂಟು ಹಾಕುವ ಬಗೆಯನ್ನು ಇಲ್ಲಿ ಬಿಡಿಸಿ ಹೇಳುವ ಉದಾರತೆ ಸದ್ಯಕ್ಕೆ ನನ್ನಲ್ಲಿಲ್ಲ. ಪರದೆಯ ಕೆಳಅಂಚು ನೆಲದಿಂದ 1.8 ಮೀಟರ್ ಎತ್ತರದಲ್ಲಿರಲಿ ಎಂಬುದನ್ನು ಮಾತ್ರ ಧಾರಾಳವಾಗಿ ಹೇಳುತ್ತೇನೆ, ಇಲ್ಲದಿದ್ದರೆ ಅಡಿಬರಹವನ್ನು ಮುಂದಿನ ಸಾಲಿನ ತಲೆಗಳು ಓದುತ್ತವೆ, ಹಿಂದಿನ ಸಾಲಿನವರು ಓದುವುದಿಲ್ಲ.

ಧ್ವನಿಯ ವಿಷಯದಲ್ಲಿ ನನಗೆ ಬಂದ ದೂರು ವಿಚಿತ್ರವಾಗಿತ್ತು: ಹಿಂದೆ ಕುಳಿತವರಿಗೆ ಮಾತು ಕೇಳದು, ಅರ್ಧ ಕಿಲೋಮೀಟರ್ ಆಚೆಯ ಮನೆಯವರಿಗೆ ಸಂಗೀತ ಕೇಳುತ್ತದೆ. ಬಿಸಿಲಿಳಿದ ಮೇಲೆ ನೆಲದ ಬಳಿಯ ಗಾಳಿ ಮೇಲಿನದಕ್ಕಿಂತ ತಂಪಾಗುವುದರಿಂದ ಸದ್ದು ನೆಲದತ್ತ ಬಾಗಿ ಬಹುದೂರ ಹೋಗುತ್ತದೆ. ಬೆಳಕಿರುವಾಗ ಪರೀಕ್ಷಿಸಿ ಇಟ್ಟ ಮಟ್ಟ ರಾತ್ರಿಗೆ ಹೆಚ್ಚಾಗುವುದು ಇದರಿಂದಲೇ. ಮುಂದೆ ಎರಡು ದೊಡ್ಡ ಸ್ಪೀಕರ್ ಇಡುವುದನ್ನು ಬಿಟ್ಟು, ಮುಂದೆ ಎರಡು, 15 ಮೀಟರ್ ಹಿಂದೆ ಎರಡು ಸಣ್ಣವನ್ನು ಇಟ್ಟೆ. ಸದ್ದು 15 ಮೀಟರ್ ಕ್ರಮಿಸಲು ಸುಮಾರು 44 ಮಿಲಿಸೆಕೆಂಡ್ ಬೇಕು. ಅದಕ್ಕೆ ಇನ್ನೊಂದು ಹತ್ತು ಸೇರಿಸಿ ಹಿಂದಿನವನ್ನು ತಡಮಾಡಿದರೆ ಮಾತು ಪರದೆಯಿಂದಲೇ ಬಂದಂತೆ ಕೇಳುತ್ತದೆ. ತಗ್ಗುಸ್ವರವನ್ನು 90 ಹರ್ಟ್ಸ್‌ನ ಕೆಳಗೆ ಕತ್ತರಿಸಿದ ಮೇಲೆ ಆಚೆ ಮನೆಯವರ ದೂರು ನಿಂತಿತು. ಹಿಮಕುಸಿತದ ಗುಡುಗು ಸ್ವಲ್ಪ ಸೊರಗಿತು ನಿಜ, ಆದರೆ ನೆರೆಯವರೊಂದಿಗೆ ಜಗಳವಾಡಿ ಎಷ್ಟು ಸಂಜೆ ನಡೆಸಬಹುದು?

ವಿದ್ಯುತ್ತಿನ ಬಗ್ಗೆ ನನ್ನ ಮೇಲೆ ನಂಬಿಕೆ ಇಟ್ಟವರು ಯಾರೂ ಇರಲಿಲ್ಲ. ಪ್ರೊಜೆಕ್ಟರ್ 280 ವಾಟ್, ಸ್ಪೀಕರುಗಳು ಸರಾಸರಿ 60, ಲ್ಯಾಪ್‌ಟಾಪ್ 40. ಎರಡು ಗಂಟೆಗೆ 760 ವಾಟ್-ಗಂಟೆ, ಇನ್ವರ್ಟರ್ ನುಂಗುವುದನ್ನು ಸೇರಿಸಿದರೆ 900ಕ್ಕೆ ಸ್ವಲ್ಪ ಕಡಿಮೆ. 1.2 ಕಿಲೋವಾಟ್-ಗಂಟೆಯ ಒಂದು ಬ್ಯಾಟರಿ ಪೆಟ್ಟಿಗೆಯಲ್ಲಿ ಕೊನೆಯ ಚಿತ್ರ ಮುಗಿದಾಗ ಕಾಲುಭಾಗ ಉಳಿದಿತ್ತು. ಹೆದರಿ ತಂದಿದ್ದ ಎರಡನೆಯ ಪೆಟ್ಟಿಗೆಯ ಮೇಲೆ ಒಬ್ಬರು ಇಡೀ ಸಂಜೆ ಕುಳಿತು ಚಿತ್ರ ನೋಡಿದರು.

ಇಬ್ಬನಿಯ ಪಾಠ ಚಿಕ್ಕದು, ಆದರೆ ನನ್ನನ್ನು ಅದು ಎರಡು ಸಲ ಕೆಡವಿತು. ವಿರಾಮದಲ್ಲಿ ಪ್ರೊಜೆಕ್ಟರ್ ಆರಿಸಿದರೆ ಮಸೂರ ತಣ್ಣಗಾಗಿ ತೇವ ಕೂರುತ್ತದೆ. ದ್ವಿತೀಯಾರ್ಧದಲ್ಲಿ ಬರುವ ಪರ್ವತಗಳೆಲ್ಲ ಹಾಲಿನಲ್ಲಿ ಮುಳುಗಿದಂತೆ ಕಾಣುತ್ತವೆ. ಆರಿಸದೆ ಕಪ್ಪು ಚಿತ್ರವೊಂದನ್ನು ಓಡಿಸುತ್ತಿದ್ದರೆ ಮುಗಿಯಿತು.

ಕೀಟಗಳ ಮೇಲೆ ಮಾಡಿದ ಒಂದು ಪ್ರಯೋಗವನ್ನು ಹೇಳಲೇಬೇಕು. ಬೆಳಕಿನ ಕಿರಣಕ್ಕೆ ಬರುವ ಪತಂಗ ಮಸೂರದ ಹತ್ತಿರವಿದ್ದರೆ ಪರದೆಯ ಮೇಲೆ ಹದ್ದಿನಷ್ಟು ನೆರಳು ಬೀಳುತ್ತದೆ. 30 ಮೀಟರ್ ದೂರದಲ್ಲಿ ನೇರಳೆ ಬೆಳಕಿನ ದೀಪವೊಂದನ್ನು ಹಚ್ಚಿ ಅವನ್ನು ಅತ್ತ ಸೆಳೆದೆ. ಅರ್ಧದಷ್ಟು ಕಡಿಮೆಯಾದವು. ಆದರೆ ಕಾರ್ಯಕ್ರಮ ಮುಗಿದ ಮೇಲೆ ಟಾರ್ಚ್ ಹಿಡಿದು ಹೋಗಿ ನೋಡಿದರೆ ದೀಪದ ಕೆಳಗೆ ನೂರಾರು ಪತಂಗಗಳು ರೆಕ್ಕೆ ಸುಸ್ತಾಗಿ ಬಿದ್ದಿದ್ದವು, ಕಪ್ಪೆಯೊಂದು ಅವುಗಳ ನಡುವೆ ಕುಳಿತು ಸಾವಕಾಶವಾಗಿ ಆರಿಸಿ ತಿನ್ನುತ್ತಿತ್ತು. ಕೃತಕ ಬೆಳಕು ಇರುಳಿನ ಜೀವಿಗಳಿಗೆ ಮಾಡುವ ಹಾನಿಯ ಕುರಿತ ಚಿತ್ರವನ್ನು ಅರ್ಧ ಗಂಟೆಯ ಹಿಂದಷ್ಟೇ ತೋರಿಸಿದ್ದೆ. ಆ ದೀಪವನ್ನು ಮತ್ತೆ ಹಚ್ಚಲಿಲ್ಲ. ದಾರಿದೀಪಗಳನ್ನೂ ಮೊಣಕಾಲಿಗಿಂತ ಕೆಳಗಿನ ಹಳದಿ-ಕಿತ್ತಳೆ ಬೆಳಕಿಗೆ ಬದಲಿಸಿದೆ. ನಡುನಡುವೆ ಒಂದೆರಡು ಹದ್ದುಗಳು ಹಾರಿದರೆ ಹಾರಲಿ.

ಚಿತ್ರಗಳನ್ನು ಪಡೆಯುವುದರಲ್ಲಿ ನನ್ನ ಹೆಚ್ಚಿನ ದಿನಗಳು ಕಳೆದವು. ಇಟಲಿಯ ಟ್ರೆಂಟೊದಲ್ಲಿ 1952ರಿಂದ, ಕೆನಡಾದ ಬ್ಯಾನ್ಫ್‌ನಲ್ಲಿ 1976ರಿಂದ ಪರ್ವತ ಚಿತ್ರೋತ್ಸವಗಳು ನಡೆಯುತ್ತಿವೆ; ಕ್ಯಾಲಿಫೋರ್ನಿಯಾದ ಯೂಬಾ ನದಿಯ ಉಳಿವಿಗೆ ಹೋರಾಡಿದ ನಾಗರಿಕರ ಸಂಘವು 2003ರಲ್ಲಿ ಆರಂಭಿಸಿದ 'ವೈಲ್ಡ್ ಅಂಡ್ ಸೀನಿಕ್' ಉತ್ಸವ ಸಾಹಸವನ್ನೂ ಸಂರಕ್ಷಣೆಯನ್ನೂ ಒಂದೇ ಸಂಜೆಯಲ್ಲಿ ಹೆಣೆಯುವುದಕ್ಕೆ ಒಳ್ಳೆಯ ಮಾದರಿ. ಬ್ಯಾನ್ಫ್‌ನಿಂದ ಆಯ್ದ ಚಿತ್ರಗಳು ಪ್ರತಿವರ್ಷ ಹಲವು ದೇಶಗಳನ್ನು ಸುತ್ತುತ್ತವೆ. ಅಂಥ ಕಟ್ಟನ್ನು ತರಿಸುವುದು ಸುಲಭವಾಗಿತ್ತು. ಆದರೆ ಆಯ್ಕೆ ನನ್ನದೇ ಇರಬೇಕೆಂಬ ಹಟದಿಂದ ಸುಮಾರು 40 ನಿರ್ದೇಶಕರಿಗೆ ನೇರವಾಗಿ ಬರೆದೆ. 16 ಮಂದಿ ಉತ್ತರಿಸಿದರು, 9 ಮಂದಿ ಒಪ್ಪಿದರು. ಅಂತರ್ಜಾಲದಲ್ಲಿ ಉಚಿತವಾಗಿ ನೋಡಲು ಸಿಗುವುದು ಸಾರ್ವಜನಿಕವಾಗಿ ತೋರಿಸಲು ಸಿಕ್ಕ ಅನುಮತಿಯಲ್ಲ. ನಿರ್ದೇಶಕ ಒಪ್ಪಿದರೂ ಸಂಗೀತದ ಹಕ್ಕು ಬೇರೆಯವರ ಬಳಿ ಇರುವುದುಂಟು, ಇದರಿಂದಾಗಿ ಒಂದು ಚಿತ್ರವನ್ನು ಹಿಂದಿನ ದಿನ ಕೈಬಿಡಬೇಕಾಯಿತು. ಇನ್ನೊಂದನ್ನು ನಾನೇ ಬೇಡವೆಂದೆ: ಡ್ರೋನನ್ನು ಗೂಡಿನ ಅಂಚಿಗೇ ಇಳಿಸಿ, ತಾಯಿಹಕ್ಕಿ ಮೊಟ್ಟೆ ಬಿಟ್ಟೆದ್ದು ರೆಕ್ಕೆ ಬಡಿಯುತ್ತಿರುವುದನ್ನು "ಸ್ವಾಗತ" ಎಂದು ಬಣ್ಣಿಸಿದ ಚಿತ್ರ ಅದು. ಚಿತ್ರೀಕರಣ ಅದ್ಭುತವಾಗಿತ್ತು ಎಂದು ಗುಂಪಿನವರು ಇಂದಿಗೂ ನನ್ನೊಂದಿಗೆ ವಾದಿಸುತ್ತಾರೆ.

ಬಂದ ಕಡತಗಳಲ್ಲಿ ಒಂದರ ಧ್ವನಿಮಟ್ಟ ಇನ್ನೊಂದಕ್ಕಿಲ್ಲ. ಪ್ರಸಾರಕ್ಕೆಂದು ಸಿದ್ಧವಾದದ್ದಕ್ಕೂ ಅಂತರ್ಜಾಲಕ್ಕೆಂದು ಸಿದ್ಧವಾದದ್ದಕ್ಕೂ 9 ಡೆಸಿಬೆಲ್ ಅಂತರ ಸಾಮಾನ್ಯ. ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದು, ವಿರಾಮವನ್ನೂ ಸೇರಿಸಿ ಒಂದೇ ಉದ್ದನೆಯ ಕಡತ ಮಾಡಿ ಓಡಿಸುತ್ತೇನೆ. ಮೊದಲ ಸಂಜೆ ಒಂದೊಂದನ್ನೇ ತೆರೆಯಲು ಹೋಗಿ, ಹಲ್ಲಿನ ವೈದ್ಯರ ಬಳಿಗೆ ಹೋಗಬೇಕೆಂಬ ನನ್ನ ಜ್ಞಾಪಕಪಟ್ಟಿ 6 ಮೀಟರ್ ಅಗಲದಲ್ಲಿ ಎಲ್ಲರಿಗೂ ಕಂಡಿತ್ತು. ಎಂಟು ಚಿತ್ರಗಳು, 80 ನಿಮಿಷ. ಸಾಹಸ ಎರಡು, ಸಂರಕ್ಷಣೆ ಒಂದು ಎಂಬ ಲಯ. ಕೊನೆಯ ಸ್ಥಾನಕ್ಕೆ ಎಂಥ ಚಿತ್ರವನ್ನು ಇಡುತ್ತೇನೆಂಬುದು ನನ್ನ ಇನ್ನೊಂದು ಗುಟ್ಟು.

ಹಣದ ಲೆಕ್ಕವನ್ನು ಪಾಲುಗಳಲ್ಲಿ ಹೇಳುವುದೇ ವಾಸಿ. ಮೊದಲ ಸಂಜೆಯ ಖರ್ಚು 100 ಎಂದಿಟ್ಟುಕೊಂಡರೆ ಟಿಕೆಟ್ಟಿನಿಂದ ಹಿಂದಿರುಗಿದ್ದು 35. ಎರಡನೆಯದಕ್ಕೆ ಖರ್ಚಾದದ್ದು 180, ಬಂದದ್ದು 60. ಹರಿದ ಪರದೆಯ ದಂಡ ಬೇರೆ. ಮೂರನೆಯ ಸಲ ಎರಡೂ ಸಂಜೆಗಳಿಗೆ ಸೇರಿ 60 ಖರ್ಚು ಮಾಡಿ 75 ಗಳಿಸಿದೆವು. ಹೊಸ ಪರದೆ ಮತ್ತು ಚೌಕಟ್ಟಿಗೆ ನನ್ನ ಕೈಯಿಂದ ಹೋದದ್ದನ್ನು ಈ ಲೆಕ್ಕಕ್ಕೆ ಹಿಡಿದಿಲ್ಲ, ಮನೆಯಲ್ಲಿ ಹಿಡಿದಿದ್ದಾರೆ. ಮೊದಲ ಸಲ ನಿರ್ದೇಶಕರಿಗೆ ತಲುಪಿದ್ದು ಖರ್ಚಿನ ಇಪ್ಪತ್ತನೆಯ ಒಂದು ಪಾಲು. ಈಗ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಇದರ ಬಗ್ಗೆ ನನಗೆ ನಿಜವಾಗಿಯೂ ಹೆಮ್ಮೆ ಇದೆ. 4 ಮೀಟರ್ ಪರದೆಗೆ ಕೊನೆಯ ಸಾಲು 24 ಮೀಟರಿಗಿಂತ ಹಿಂದೆ ಇರಬಾರದಾದ್ದರಿಂದ ಒಂದು ಸಂಜೆಗೆ 130 ಜನರ ಮಿತಿ ಹಾಕಿದ್ದೆ. ಮೊದಲ ದಿನ 110 ಜನ ಬಂದರು. ಯಾರೂ ಬರುವುದಿಲ್ಲ ಎಂದಿದ್ದ ಎರಡನೆಯ ದಿನ 130 ತುಂಬಿ ಕೆಲವರು ಮರಳಬೇಕಾಯಿತು. ಹಣೆದೀಪದ ಆ ಬಂಡೆಯ ಚಿತ್ರವನ್ನು ಹಟಕ್ಕೆ ಮತ್ತೆ ಹಾಕಿದ್ದೆ. ಈ ಸಲ ಬೆರಳುಗಳು ಬಂಡೆಯ ಬಿರುಕಿಗೆ ಸೇರಿಕೊಳ್ಳುವುದು, ಹಗ್ಗದ ನೂಲುಗಳ ಮೇಲೆ ಕೂತ ಮಂಜಿನ ಹರಳು, ಎಲ್ಲವೂ ಕಂಡವು. ನಕ್ಕವರಲ್ಲಿ ಒಬ್ಬರು ಬಂದು ಪ್ರೊಜೆಕ್ಟರಿನ ಹಣೆಪಟ್ಟಿಯನ್ನು ಟಾರ್ಚ್ ಹಾಕಿ ಓದಿಕೊಂಡು ಹೋದರು.

ಒಂದು ತಪ್ಪು ಉಳಿದಿದೆ. ಎರಡನೆಯ ರಾತ್ರಿ ದಣಿವಿನಿಂದ ಇಬ್ಬನಿಯಲ್ಲಿ ನೆಂದ ಬಟ್ಟೆಯನ್ನು ಹಾಗೆಯೇ ಮಡಚಿ ಚೀಲಕ್ಕೆ ತುಂಬಿ, ಮೂರು ದಿನ ಬಿಟ್ಟು ಬಿಡಿಸಿದೆ. ಮೇಲಿನ ಎಡಮೂಲೆಯಲ್ಲಿ ಉಗುರಿನಷ್ಟು ಅಗಲದ ಬೂಷ್ಟಿನ ಕಲೆ ಕೂತಿತ್ತು, ಎಷ್ಟು ತೊಳೆದರೂ ಹೋಗಿಲ್ಲ. ಪರದೆಯ ತುಂಬ ಆಕಾಶ ಬಂದಾಗಲೆಲ್ಲ ನನ್ನ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ. ಪಕ್ಕದವರು ಇದುವರೆಗೆ ಅದನ್ನು ಹಕ್ಕಿಯೆಂದೇ ತಿಳಿದಿದ್ದಾರೆ.